ಬಂದ ಮೇಲ್ ತಾನಾಗಿ ಫೋಲ್ಡರ್ ಸೇರಬೇಕು: ನೀವು ಹೇಗೆ ಮಾಡಿಕೊಂಡಿದ್ದೀರಿ?

ಕೇಳಿದವರು: ಹುಬ್ಬಳ್ಳಿ, ತೆರಿಗೆ ಲೆಕ್ಕದ ಆಫೀಸು

ದುರ್ಗದಬೈಲ್ ಹತ್ತಿರ ನಮ್ಮದು ಮೂರು ಜನರ ಆಫೀಸು. ಸುಮಾರು 80 ಅಂಗಡಿಗಳ ಜಿಎಸ್‌ಟಿ ಕೆಲಸ. ಎಲ್ಲರ ಬಿಲ್ಲೂ ಒಂದೇ ಜಿಮೇಲ್‌ಗೆ ಬರುತ್ತವೆ. ತಿಂಗಳ 11ರ ಗಡುವು ಹತ್ತಿರ ಬಂತೆಂದರೆ ಇನ್‌ಬಾಕ್ಸ್ ಅಂದರೆ ಸಂತೆ. ಜಿಮೇಲ್‌ನಲ್ಲೇ ಫಿಲ್ಟರ್ ಇದೆ, ಗೊತ್ತು. 80 ಸಲ ಮೌಸ್ ಒತ್ತುತ್ತಾ ಕೂರಲು ಆಗಲ್ಲ. ಹಳೇ ಕಂಪ್ಯೂಟರಿಗೆ ಉಬುಂಟು ಎಂಬ ಲಿನಕ್ಸ್ ಹಾಕಿದ್ದೇವೆ. ಕಮಾಂಡ್ ಬರೆಯುವ ಟರ್ಮಿನಲ್‌ನಿಂದಲೇ ಅಂಗಡಿಗೊಂದು ಫೋಲ್ಡರ್‌ಗೆ ಮೇಲ್ ಹೋಗುವ ಹಾಗೆ ಮಾಡಬಹುದಾ? ಮಾಡಿ ಕೈ ಸುಟ್ಟುಕೊಂಡವರು ಹೇಳಿ. ಪುಸ್ತಕದ ಬದನೆಕಾಯಿ ಬೇಡ.

ಗದಗ, ಪ್ರಿಂಟಿಂಗ್ ಪ್ರೆಸ್

ಅಕ್ಕಾರ, ಕೈ ಸುಟ್ಟುಕೊಂಡವರ ಸಾಲಿನಲ್ಲಿ ನಾನೇ ಮೊದಲು. ನನ್ನಲ್ಲಿ ಫೆಚ್‌ಮೇಲ್ ಮೇಲ್ ಇಳಿಸುತ್ತದೆ, ಪ್ರೊಕ್‌ಮೇಲ್ ವಿಂಗಡಿಸುತ್ತದೆ. ಪ್ರೊಕ್‌ಮೇಲ್ ಹಳೇ ಗಾಡಿ. 2001ರಲ್ಲಿ 3.22 ಬಂದ ಮೇಲೆ 20 ವರ್ಷ ಹೊಸದೇ ಬಂದಿರಲಿಲ್ಲ. ಆದರೂ ಓಡುತ್ತದೆ.

ಮೊದಲ ಪೆಟ್ಟು ಒಂದು ಸ್ಲ್ಯಾಶ್‌ನಿಂದ. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಮಾತ್ರ ಅದನ್ನು ಮೇಲ್‌ಡಿರ್ (ಮೇಲ್‌ಗಳನ್ನು ಒಳಗಿನ ಉಪಫೋಲ್ಡರ್‌ಗಳಲ್ಲಿ ಇಡುವ ಬಗೆ) ಎಂದು ತಿಳಿಯುತ್ತದೆ. ನಾನು ಮರೆತಿದ್ದೆ. ಫೋಲ್ಡರ್ ಮೊದಲೇ ಇತ್ತಲ್ಲ, ಅದರೊಳಗೆ ಬಿಡಿ ಫೈಲ್‌ಗಳನ್ನು ಇಡುತ್ತಾ ಹೋಯಿತು. ಮೇಲ್ ಓದುವ ಮಟ್ ಹುಡುಕುವುದು ಒಳಗಿನ ನ್ಯೂ, ಕರ್ ಎಂಬ ಎರಡು ಜಾಗದಲ್ಲಿ ಮಾತ್ರ. ಎರಡು ದಿನ ಒಂದೂ ಆರ್ಡರ್ ಇಲ್ಲ ಎಂದು ಸುಮ್ನೆ ಕೂತಿದ್ದೆ. ಗಿರಾಕಿ ಫೋನ್ ಮಾಡಿ ಬೈದ ಮೇಲೆ ಗೊತ್ತಾಯಿತು.

ಎರಡನೇದು ಕನ್ನಡದವರೆಲ್ಲ ತಿಳಿಯಬೇಕಾದ್ದು. ಸಬ್ಜೆಕ್ಟ್‌ನಲ್ಲಿ 'ಲಗ್ನಪತ್ರಿಕೆ' ಎಂದಿದ್ದರೆ ಲಗ್ನದ ಫೋಲ್ಡರ್‌ಗೆ ಹಾಕು ಎಂದು ನಿಯಮ ಬರೆದೆ. ಒಂದೂ ಹೋಗಲಿಲ್ಲ. ಕಾಗುಣಿತ ತಿದ್ದಿ ತಿದ್ದಿ ಸಾಕಾಯಿತು. ಕೊನೆಗೆ ಮೇಲ್‌ನ ಫೈಲನ್ನೇ ತೆರೆದು ನೋಡಿದರೆ ಆ ಸಾಲಿನಲ್ಲಿ ಕನ್ನಡವೇ ಇಲ್ಲ! ಸಮ ಚಿಹ್ನೆ, ಪ್ರಶ್ನೆ ಚಿಹ್ನೆ, ಯುಟಿಎಫ್-8, ಇನ್ನೊಂದು ಪ್ರಶ್ನೆ ಚಿಹ್ನೆ, ಬಿ, ಆಮೇಲೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಕನ್ನಡದ ಸಬ್ಜೆಕ್ಟ್ ಹಾಗೆ ವೇಷ ಹಾಕಿಕೊಂಡೇ ಬರುತ್ತದೆ. ಪ್ರೊಕ್‌ಮೇಲ್ ಆ ವೇಷ ಕಳಚಿ ನೋಡುವುದಿಲ್ಲ. ಸೀವ್ ಎಂಬ ಇನ್ನೊಂದು ವಿಂಗಡಣೆ ಭಾಷೆ ಆದರೆ ನೋಡುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕೆ ಡವ್‌ಕಾಟ್ ಥರದ, ಸೀವ್ ಗೊತ್ತಿರುವ ಮೇಲ್ ಸರ್ವರ್ ಬೇಕು. ನಾನು ಸಬ್ಜೆಕ್ಟ್ ಬಿಟ್ಟೆ. ಕಳಿಸಿದವರ ವಿಳಾಸ ನೋಡಿಯೇ ವಿಂಗಡಿಸುತ್ತೇನೆ.

ಧಾರವಾಡ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು

ಪ್ರೆಸ್‌ನವರ ದಾರಿ ಒಬ್ಬರೇ ಇರುವ ಕಡೆಗೆ ಸರಿ. ನೀವು ಮೂರು ಜನ. ಮೇಲ್ ಇಳಿಸಿ ವಿಂಗಡಿಸಿದರೆ ಆ ಫೋಲ್ಡರ್ ಒಂದೇ ಕಂಪ್ಯೂಟರಿನಲ್ಲಿ ಇರುತ್ತದೆ, ಮಿಕ್ಕವರ ಫೋನಿನಲ್ಲಿ ಕಾಣಲ್ಲ ಅಲ್ವಾ? ಜೊತೆಗೆ ಫೆಚ್‌ಮೇಲ್‌ಗೆ 'ಕೀಪ್' ಎಂದು ಹೇಳದಿದ್ದರೆ ಇಳಿಸಿದ್ದನ್ನು ಇನ್‌ಬಾಕ್ಸ್‌ನಿಂದ ತೆಗೆದೇ ಬಿಡುತ್ತದೆ.

ನಾನು ಐಮ್ಯಾಪ್‌ಫಿಲ್ಟರ್ ಬಳಸುತ್ತೇನೆ. ಮೇಲ್ ಇದ್ದಲ್ಲೇ ಇರುತ್ತದೆ, ಸರ್ವರ್‌ನಲ್ಲೇ ಫೋಲ್ಡರ್ ಬದಲಾಗುತ್ತದೆ. ನಿಯಮ ಲುವಾ ಭಾಷೆಯಲ್ಲಿ. ವಿಳಾಸ ಮತ್ತು ಫೋಲ್ಡರ್‌ನ ಒಂದು ಪಟ್ಟಿ ಮಾಡಿ, ಅದನ್ನು ಒಂದೊಂದಾಗಿ ಓದಿಸುವ ಒಂದು ಲೂಪ್ ಬರೆದರೆ 80 ಅಂಗಡಿಯೂ ಮುಗಿಯಿತು. 81ನೇದು ಬಂದರೆ ಒಂದು ಸಾಲು ಜಾಸ್ತಿ. 10 ನಿಮಿಷಕ್ಕೊಮ್ಮೆ ಓಡಿಸು ಎಂದು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹೇಳಿಬಿಡಿ.

ಜಿಮೇಲ್‌ಗೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರದ ಆಪ್ ಪಾಸ್‌ವರ್ಡ್ ತೆಗೆದುಕೊಳ್ಳಿ.

ಒಂದು ಮಾತು ಕೇಳಿ: ಮೊದಲ ವಾರ 'ಮೂವ್' ಬೇಡ, 'ಕಾಪಿ' ಮಾಡಿ. ಜಿಮೇಲ್‌ನಲ್ಲಿ ಫೋಲ್ಡರ್ ಅಂದರೆ ಬರೀ ಲೇಬಲ್, ಹಾಗಾಗಿ ಜಾಗ ಎರಡು ಪಟ್ಟು ಹಿಡಿಯಲ್ಲ. ನಿಯಮ ತಪ್ಪಿದ್ದರೂ ಮೇಲ್ ಇನ್‌ಬಾಕ್ಸ್‌ನಲ್ಲೇ ಇರುತ್ತದೆ.

ಬ್ಯಾಡಗಿ, ಮೆಣಸಿನಕಾಯಿ ದಲಾಲಿ ಅಂಗಡಿ

ನಾನು ಸರ್ವರ್‌ಗೂ ಕಂಪ್ಯೂಟರಿಗೂ ಮೇಲ್ ಹೊಂದಿಸುವ ಎಂಬಿಸಿಂಕ್‌ನಲ್ಲಿ ಇಳಿಸಿ, ಸ್ವಂತ ಸ್ಕ್ರಿಪ್ಟ್‌ನಿಂದ ಫೈಲ್‌ಗಳನ್ನು ಫೋಲ್ಡರ್‌ಗೆ ಸರಿಸುತ್ತಿದ್ದೆ. ಮರುದಿನ 'ಡೂಪ್ಲಿಕೇಟ್ ಯುಐಡಿ', ಅಂದರೆ ಎರಡು ಮೇಲ್‌ಗೆ ಒಂದೇ ನಂಬರ್, ಎಂದು ತಕರಾರು. ಫೈಲ್ ಹೆಸರಿನಲ್ಲಿ ಯು, ಸಮ ಚಿಹ್ನೆ, ಒಂದು ನಂಬರ್ ಇರುತ್ತದೆ. ಅದು ಹಳೇ ಫೋಲ್ಡರ್‌ನ ನಂಬರ್. ಅದನ್ನು ಹೊತ್ತುಕೊಂಡೇ ಹೊಸ ಫೋಲ್ಡರ್‌ಗೆ ಹೋದರೆ ಅಲ್ಲಿ ಅದೇ ನಂಬರಿನವರು ಇನ್ನೊಬ್ಬರು ಇರುತ್ತಾರೆ. ಸರಿಸುವಾಗ ಆ ತುಂಡು ಕತ್ತರಿಸಿ. ಅಷ್ಟೇ ನನ್ನ ಅನುಭವ. ಅಕ್ಕಾರ, ನೀವು ಧಾರವಾಡದವರ ಮಾತು ಕೇಳಿ.

ಹುಬ್ಬಳ್ಳಿ, ಕೇಳಿದವರೇ, ಮೂರು ವಾರದ ನಂತರ

ಐಮ್ಯಾಪ್‌ಫಿಲ್ಟರ್ ಹಾಕಿದೆವು. ಕಾಪಿ ಮಾಡಿದ್ದಕ್ಕೆ ಬದುಕಿಕೊಂಡೆವು. ಒಂದೇ ಓಣಿಯ ನಾಲ್ಕು ಅಂಗಡಿಯವರು ಒಂದೇ ಡಿಟಿಪಿ ಅಂಗಡಿಯಿಂದ, ಅದೇ ವಿಳಾಸದಿಂದ ಬಿಲ್ ಕಳಿಸುತ್ತಾರೆ! ನಾಲ್ವರ ಬಿಲ್ಲೂ ಬಟ್ಟೆ ಅಂಗಡಿಯ ಫೋಲ್ಡರ್‌ನಲ್ಲಿ ಕೂತಿದ್ದವು.

ಗದಗ, ಪ್ರಿಂಟಿಂಗ್ ಪ್ರೆಸ್

ನಿಮ್ಮ ಜಿಮೇಲ್ ಹೆಸರಿನ ಕೊನೆಗೆ ಕೂಡಿಸುವ ಚಿಹ್ನೆ ಹಾಕಿ ಅಂಗಡಿಯ ಹೆಸರು ಸೇರಿಸಿ, ಆಮೇಲೆ ಅಟ್. ಮೇಲ್ ನಿಮಗೇ ಬರುತ್ತದೆ. ಯಾರಿಗೆ ಬಂತು ಎನ್ನುವ ಸಾಲು ನೋಡಿ ವಿಂಗಡಿಸಿ. ಅಂಗಡಿಗೊಂದು ವಿಳಾಸ ಆಯಿತು.

ಹುಬ್ಬಳ್ಳಿ, ಕೇಳಿದವರು

ಆಯಿತು, ನಡೆಯುತ್ತಿದೆ. ಬಳೆ ಅಂಗಡಿಯವರಿಗೆ ಫೋನಿನಲ್ಲಿ 'ಪ್ಲಸ್' ಎಂದು ಹೇಳಿದ್ದೆ. ಅವರು ಆ ಪದವನ್ನೇ ಅಕ್ಷರ ಬಿಡಿಸಿ ಬರೆದು ಕಳಿಸಿದ್ದರು, ಮೇಲ್ ಅವರಿಗೇ ವಾಪಸ್ ಹೋಯಿತು. ಈಗ ಎಲ್ಲರಿಗೂ ವಿಳಾಸವನ್ನು ವಾಟ್ಸಾಪ್‌ನಲ್ಲೇ ಕಳಿಸುತ್ತೇವೆ.