ಜರ್ಮನಿಯವರು ಹತ್ತು ನಿಮಿಷ ಕಾಯಲ್ಲ, ದುಬೈಯವರು ಒಂದು ತಾಸು ಕಾಯಿಸ್ತಾರೆ. ನೀವು ಹೇಗೆ ನಿಭಾಯಿಸ್ತೀರಿ?

ಗೋಕುಲ ರೋಡ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗೋಕುಲ ರೋಡಿನ ಒಂದು ಸಣ್ಣ ಯೂನಿಟ್‌ನಲ್ಲಿ ಎಕ್ಸ್‌ಪೋರ್ಟ್ ಕೆಲಸ ನೋಡಿಕೊಳ್ಳುತ್ತೇನೆ. ವಾಲ್ವ್ ಬಾಡಿ, ಫ್ಲ್ಯಾಂಜ್, ಪೈಪ್‌ಲೈನಿಗೆ ಹಾಕುವ ಅಂಥ ಮಾಲು ನಮ್ಮದು. ಜರ್ಮನಿಯಲ್ಲಿ ಒಂದು ಪಾರ್ಟಿ ಇದೆ, ದುಬೈನಲ್ಲಿ ಒಂದು. ಮುಂದಿನ ತಿಂಗಳು ಜಪಾನ್‌ನಿಂದ ಇಬ್ಬರು ಯೂನಿಟ್ ನೋಡೋಕೆ ಬರ್ತಿದ್ದಾರೆ, ಅದಕ್ಕೇ ಈಗ ಕೇಳ್ತಿದ್ದೇನೆ.

ಜರ್ಮನಿಯವರ ಜೊತೆ ವಿಡಿಯೋ ಕಾಲ್ ಮಧ್ಯಾಹ್ನ ಎರಡೂವರೆಗೆ ಅಂದರೆ ಅವರು ಒಂದು ನಿಮಿಷ ಮೊದಲೇ ಬಂದು ಕೂತಿರುತ್ತಾರೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಮಾಲೀಕರ ಕ್ಯಾಬಿನ್‌ಗೆ ಯಾರೋ ಮದುವೆ ಕಾರ್ಡ್ ಹಿಡಿದುಕೊಂಡು ಬಂದಿರುತ್ತಾರೆ. ಬಂದವರನ್ನು ಚಹಾ ಕೊಡದೆ ಕಳಿಸೋಕೆ ಆಗುತ್ತಾ? 2.40ಕ್ಕೆ ಆ ಕಡೆಯಿಂದ ಮೇಲ್ ಬರುತ್ತದೆ, ಇವತ್ತು ಕಾಲ್ ಇದೆಯೋ ಇಲ್ಲವೋ ಅಂತ. ಇನ್ನೈದು ನಿಮಿಷಕ್ಕೆ ಅವರು ಎದ್ದು ಹೋಗಿರುತ್ತಾರೆ.

ದುಬೈಯದು ಪೂರ್ತಿ ಉಲ್ಟಾ. ಹನ್ನೊಂದಕ್ಕೆ ಬನ್ನಿ ಅಂದವರು ಹನ್ನೆರಡರ ತನಕ ಹೊರಗೆ ಕೂರಿಸಿದರು. ಒಳಗೆ ಕರೆದ ಮೇಲೂ ನಡುನಡುವೆ ಬೇರೆಯವರು ಬಂದು ಸಹಿ ಹಾಕಿಸಿಕೊಂಡು ಹೋದರು, ಫೋನ್ ಬಂದವು, ಮನೆಯವರು ಹೇಗಿದ್ದಾರೆ ಅಂತ ವಿಚಾರಿಸಿದರು, ಕೊನೆಗೆ ಏಳುವ ಹೊತ್ತಿಗೆ ನಾವು ಕೇಳಿದ್ದಕ್ಕಿಂತ ದೊಡ್ಡ ಆರ್ಡರ್ ಕೊಟ್ಟರು. ಅದನ್ನು ನೋಡಿದ ಮೇಲೆ ಮಾಲೀಕರದು ಒಂದೇ ಮಾತು: "ಮಾಲ್ ಚೊಲೋ ಇದ್ರ ಟೈಮಿಂದೇನೈತಿ?"

ಅವರ ಮಾತು ಸರಿನಾ? ಅನುಭವ ಇದ್ದವರು ಹೇಳಿ.

ಸಪ್ತಾಪುರ, ಧಾರವಾಡ

ಜರ್ಮನ್ ಟೀಮ್ ಜೊತೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ಅವರ ವಿಷಯದಲ್ಲಿ ನಿಮ್ಮ ಮಾಲೀಕರ ಮಾತು ನಡೆಯುವುದಿಲ್ಲ. ಮಾಲು ಬಂದು ಕೈಗೆ ಸಿಗೋದು ತಿಂಗಳುಗಟ್ಟಲೆ ಆದ ಮೇಲೆ. ಅಲ್ಲಿಯ ತನಕ ನಿಮ್ಮನ್ನು ಅಳೆಯೋಕೆ ಅವರ ಹತ್ತಿರ ಇರೋದು ಕಾಲ್‌ಗೆ ಬಂದ ಹೊತ್ತು, ಮೇಲ್‌ಗೆ ಉತ್ತರ ಕೊಟ್ಟ ಹೊತ್ತು, ಅಷ್ಟೇ. ಎರಡೂವರೆಗೆ ಬರ್ತೀನಿ ಅಂದವನು ಎರಡೂವರೆಗೆ ಬರದಿದ್ದರೆ, ಸೆಪ್ಟೆಂಬರ್ 15ಕ್ಕೆ ಮಾಲು ಕಳಿಸ್ತೀನಿ ಅಂದದ್ದನ್ನು ಹೇಗೆ ನಂಬೋದು ಅಂತ ಅವರ ಲೆಕ್ಕ. ಅದರಲ್ಲಿ ಅಹಂಕಾರ ಏನೂ ಇಲ್ಲ.

ಹಾಗಂತ ಜರ್ಮನಿಯಲ್ಲಿ ಎಲ್ಲವೂ ಗಡಿಯಾರದ ಹಾಗೆ ನಡೆಯುತ್ತೆ ಅಂದುಕೊಳ್ಳಬೇಡಿ. ಅಲ್ಲಿಯ ದೂರದ ರೈಲುಗಳಲ್ಲಿ 2024ರಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಶೇ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಹಿಡಿಯದೆ. ಅವರ ಯೂನಿವರ್ಸಿಟಿಗಳಲ್ಲಿ ಪಾಠಗಳನ್ನು ಹೇಳಿದ್ದಕ್ಕಿಂತ ಕಾಲು ಗಂಟೆ ತಡವಾಗಿ ಶುರು ಮಾಡುವ ಹಳೆಯ ಪದ್ಧತಿಯೇ ಇದೆ. ಆದರೆ ಆ ಕಾಲು ಗಂಟೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅವರಿಗೆ ಸಿಟ್ಟು ಬರೋದು ಗೊತ್ತಿಲ್ಲದ ತಡಕ್ಕೆ. 2.15ಕ್ಕೇ "ಇವತ್ತು ಹದಿನೈದು ನಿಮಿಷ ಹೆಚ್ಚುಕಮ್ಮಿ ಆಗುತ್ತೆ, 2.45ಕ್ಕೆ ಶುರು ಮಾಡೋಣವಾ" ಅಂತ ಒಂದು ಸಾಲು ಕಳಿಸಿ ನೋಡಿ, ಯಾರೂ ಏನೂ ಅನ್ನಲ್ಲ. 2.40ಕ್ಕೆ ಕ್ಷಮೆ ಕೇಳಿ ಉಪಯೋಗ ಇಲ್ಲ.

ಮುಗಿಸೋದೂ ಅಷ್ಟೇ ಮುಖ್ಯ. ಮೂರೂ ಕಾಲಿಗೆ ಮುಗಿಯುತ್ತೆ ಅಂದರೆ ಮೂರೂ ಕಾಲಿಗೆ ಅವರಿಗೆ ಇನ್ನೊಂದು ಮೀಟಿಂಗ್ ಇರುತ್ತೆ. ನಾವು ರೇಟಿನ ಮಾತು ಕೊನೆಗೆ ಇಟ್ಟುಕೊಂಡಿರ್ತೀವಿ, ಅದು ಅಲ್ಲೇ ಉಳಿದು ಹೋಗುತ್ತೆ.

ಇನ್ನೊಂದು, ಇದರಲ್ಲಿ ಬಹಳ ಜನ ಎಡವುತ್ತಾರೆ. ಅವರ ಗಡಿಯಾರ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಚಳಿಗಾಲದಲ್ಲಿ ನಾವು ಅವರಿಗಿಂತ ನಾಲ್ಕೂವರೆ ತಾಸು ಮುಂದೆ, ಬೇಸಿಗೆಯಲ್ಲಿ ಮೂರೂವರೆ ತಾಸು. ಅವರ ಬೆಳಗಿನ ಹತ್ತು ಗಂಟೆ ಜನವರಿಯಲ್ಲಿ ನಮಗೆ ಎರಡೂವರೆ, ಜೂನ್‌ನಲ್ಲಿ ಒಂದೂವರೆ. ಅಂದರೆ ಊಟದ ಹೊತ್ತು! ಅಮೆರಿಕದವರು ಬೇರೆ ವಾರಗಳಲ್ಲಿ ಬದಲಾಯಿಸ್ತಾರೆ, ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಕ್ಯಾಲೆಂಡರ್ ಇನ್ವೈಟ್ ಅವರ ಊರಿನ ಟೈಮಿನಲ್ಲೇ ಹಾಕಿ.

ಬ್ಯಾಡಗಿ ಮೆಣಸಿನಕಾಯಿ

ಗಲ್ಫ್ ಬಗ್ಗೆ ನಾನು ಹೇಳ್ತೀನಿ.

ನಿಮ್ಮನ್ನು ಒಂದು ತಾಸು ಕೂರಿಸಿದ್ದು ಅವಮಾನ ಅಲ್ಲ. ಎದುರಿಗೆ ಇರುವ ಮನುಷ್ಯನನ್ನು ಎಬ್ಬಿಸಿ ಕಳಿಸೋದು ಅಲ್ಲಿ ಕೆಟ್ಟ ನಡತೆ, ನಮ್ಮಲ್ಲಿ ಇದ್ದ ಹಾಗೇ. ನಿಮ್ಮ ಮುಂದಿನವನಿಗೆ ಕೊಟ್ಟ ಸಮಯವನ್ನೇ ನಿಮಗೂ ಕೊಟ್ಟರು, ನಿಮ್ಮ ಹಿಂದಿನವನು ನಿಮಗೋಸ್ಕರ ಹೊರಗೆ ಕೂತ. ಗಾವಾ (ಅರಬ್ಬಿ ಕಾಫಿ), ಖರ್ಜೂರ ಮುಂದಿಟ್ಟರೆ ತೆಗೆದುಕೊಳ್ಳಿ, ಮೊದಲ ಹತ್ತು ನಿಮಿಷ ರೇಟ್ ಎತ್ತಬೇಡಿ. ಆದರೆ ನೀವು ಮಾತ್ರ ಹೇಳಿದ ಹೊತ್ತಿಗೇ ಹೋಗಬೇಕು, ಅವರು ತಡ ಮಾಡ್ತಾರೆ ಅಂತ ನೀವೂ ತಡ ಮಾಡಿದರೆ ಅದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಆ ದಿನ ಬೆನ್ನಿಗೆ ಬೆನ್ನು ಮೂರು ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಎರಡು ಸಾಕು, ಅದೂ ನಮಾಜಿನ ಹೊತ್ತು ನೋಡಿಕೊಂಡು.

ವಾರದ ರಜೆಯೂ ಎಲ್ಲ ಕಡೆ ಒಂದೇ ಅಲ್ಲ. ಯುಎಇಯಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಭಾನುವಾರ ಸೌದಿಯವನು ಆಫೀಸಿನಲ್ಲಿ ಕೂತು ನಿಮ್ಮ ಮೇಲ್ ಕಾಯ್ತಿರ್ತಾನೆ. ರಂಜಾನ್‌ನಲ್ಲಿ ಕೆಲಸದ ತಾಸು ಕಡಿಮೆ, ಮತ್ತೆ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಈಗಿನ ವರ್ಷಗಳಲ್ಲಿ ಅದು ನಮ್ಮ ಬ್ಯಾಡಗಿ ಮೆಣಸಿನಕಾಯಿ ಸೀಜನ್ನಿನಲ್ಲೇ ಬೀಳ್ತಿದೆ. ಇಲ್ಲಿ ಮಾರ್ಕೆಟ್ ತುಂಬ ಚೀಲ ಬಂದು ಬಿದ್ದಿರುತ್ತೆ, ಅಲ್ಲಿ ಹಬ್ಬಕ್ಕೆ ಮುಂಚೆಯೇ ಮಾಲು ಅಂಗಡಿ ಸೇರಬೇಕು. ಹಬ್ಬ ಮುಗಿದ ಮೇಲೆ ಹೋದ ಕಂಟೇನರ್‌ಗೆ ಆ ರೇಟ್ ಎಲ್ಲಿ ಸಿಗುತ್ತೆ?

ಈಗ ಮುಖ್ಯ ಮಾತು. ಮೀಟಿಂಗ್‌ಗೆ ಒಂದು ತಾಸು ತಡ ಮಾಡಿದ ಅದೇ ಮನುಷ್ಯ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಕಾಗದ ಸರಿ ಇದ್ದರೆ ದುಡ್ಡು ಕೊಡ್ತೀವಿ ಅಂತ ಅವನ ಬ್ಯಾಂಕ್ ಬರೆದುಕೊಡುವ ಪತ್ರ) ತೆರೆದಿದ್ದರೆ ಅಲ್ಲಿ ಒಂದು ದಿನ ಕೂಡ ಬಿಡುವುದಿಲ್ಲ. ಬಿಡೋಕೆ ಅದು ಅವನ ಕೈಯಲ್ಲೂ ಪೂರ್ತಿ ಇರಲ್ಲ, ಬ್ಯಾಂಕ್ ಕಾಗದ ನೋಡುತ್ತದೆ. ಮಾಲು ಹಡಗು ಹತ್ತಬೇಕಾದ ಕೊನೆಯ ತಾರೀಖು 20 ಅಂತ ಇದ್ದು ಬಿಲ್ ಆಫ್ ಲೇಡಿಂಗ್‌ನಲ್ಲಿ (ಮಾಲು ಹತ್ತಿಸಿಕೊಂಡಿದ್ದಕ್ಕೆ ಹಡಗಿನವರು ಕೊಡುವ ರಸೀದಿ) 21 ಬಂದರೆ ಅದು ಡಿಸ್ಕ್ರೆಪೆನ್ಸಿ, ಅಂದರೆ ಎಲ್‌ಸಿಗೂ ಕಾಗದಕ್ಕೂ ತಾಳೆ ಇಲ್ಲ. ದುಡ್ಡು ನಿಲ್ಲುತ್ತದೆ. ಎಲ್‌ಸಿಯಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮ ಯುಸಿಪಿ 600ರ ಪ್ರಕಾರ ಹಡಗು ಹತ್ತಿದ 21 ದಿನದೊಳಗೆ ಕಾಗದ ಬ್ಯಾಂಕಿಗೆ ಕೊಡಬೇಕು, ಎಲ್‌ಸಿ ಅವಧಿಯೂ ಮುಗಿದಿರಬಾರದು. ನಮ್ಮ ಮಾಲು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರು ಮುಟ್ಟಬೇಕು. ಘಾಟಿನಲ್ಲಿ ಲಾರಿ ನಿಂತರೆ, ಮಳೆ ಜಾಸ್ತಿ ಆದರೆ, ಗೇಟ್ ಮುಚ್ಚುವ ಹೊತ್ತು ನಮಗೋಸ್ಕರ ಮುಂದೆ ಹೋಗಲ್ಲ. ಆದ್ದರಿಂದ ಆರ್ಡರ್ ಒಪ್ಪಿಕೊಳ್ಳುವಾಗಲೇ ತಾರೀಖಿನ ಬಗ್ಗೆ ಜಗಳ ಆಡಿ. ಎಂಟು ದಿನ ಜಾಸ್ತಿ ಕೇಳಿ, ಕೊಡ್ತಾರೆ. ಮುಲಾಜಿಗೆ ಬಿದ್ದು "ಆತ್ರಿ, ಮಾಡೂಣು" ಅಂದುಬಿಡೋದೇ ನಮ್ಮ ಕಡೆಯ ದೊಡ್ಡ ಕಷ್ಟ.

ಗದಗ, ಈಗ ಪುಣೆ

ಜಪಾನಿನವರು ಬರೋದು ಬೆಳಿಗ್ಗೆ ಹತ್ತಕ್ಕೆ ಅಂದರೆ 9.50ಕ್ಕೆ ಗೇಟಿನ ಹತ್ತಿರ ಇರುತ್ತಾರೆ. ಗೇಟಿನ ರಿಜಿಸ್ಟರ್, ಸೇಫ್ಟಿ ಶೂ, ವಿಸಿಟರ್ ಪಾಸ್ ಎಲ್ಲ ಹಿಂದಿನ ದಿನವೇ ತಯಾರಿಟ್ಟು, ಹತ್ತಕ್ಕೆ ಮಾಲೀಕರು ವಿಸಿಟಿಂಗ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಎದ್ದು ನಿಂತಿರಬೇಕು. ಹುಬ್ಬಳ್ಳಿ ಏರ್‌ಪೋರ್ಟ್ ನಿಮಗೆ ಹತ್ತಿರ ಇದೆ, ಡ್ರೈವರ್ ವಿಮಾನ ಇಳಿಯುವ ಮೊದಲೇ ಅಲ್ಲಿರಲಿ. "ಹಾದ್ಯಾಗ ಅದೀನ್ರಿ" ಅನ್ನೋ ಫೋನ್ ಆ ದಿನ ಬರಬಾರದು.

ಅವರಿಗೆ ಬೇಗ ಆಗೋದೂ ತಪ್ಪೇ ಅಂತ ನೆನಪಿಡಿ. 2017ರ ನವೆಂಬರ್‌ನಲ್ಲಿ ತೋಕಿಯೋ ಪಕ್ಕದ ತ್ಸುಕುಬಾ ಎಕ್ಸ್‌ಪ್ರೆಸ್ ರೈಲು 9.44.40ಕ್ಕೆ ಹೊರಡುವುದು 9.44.20ಕ್ಕೆ ಹೊರಟಿತು. ಇಪ್ಪತ್ತು ಸೆಕೆಂಡ್ ಬೇಗ. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಮಾಲಿನಲ್ಲೂ ಇದೇ ಬುದ್ಧಿ. ಟೊಯೋಟಾದವರು ಬೆಳೆಸಿದ ಜಸ್ಟ್ ಇನ್ ಟೈಮ್ ಪದ್ಧತಿಯಲ್ಲಿ ಭಾಗಗಳು ಬೇಕಾದಾಗ ಮಾತ್ರ ಬರಬೇಕು, ಬೇಗ ಬಂದರೆ ಇಡೋಕೆ ಜಾಗ ಇರಲ್ಲ. ಎರಡು ವಾರ ಮೊದಲೇ ಕಳಿಸಿದೆವು ಅಂತ ಖುಷಿಯಿಂದ ಹೇಳಿದರೆ ಅವರು ಖುಷಿ ಪಡಲ್ಲ.

ಅಂದಹಾಗೆ ಅವರ ಮೀಟಿಂಗ್ ಶುರುವಾಗೋದು ಸರಿಯಾದ ಹೊತ್ತಿಗೆ, ಮುಗಿಯೋದು ಮಾತ್ರ ಎಷ್ಟೊತ್ತಿಗೋ. ಜರ್ಮನಿಯವರ ಲೆಕ್ಕ ಇಲ್ಲಿ ಹಿಡಿಯಬೇಡಿ, ಸಂಜೆಯ ಊಟದ ತನಕ ಆ ದಿನ ಖಾಲಿ ಇಟ್ಟುಕೊಳ್ಳಿ.

ರಾಣೆಬೆನ್ನೂರು ಬೀಜ

ಎಲ್ಲರೂ ನಾವೇ ಬದಲಾಗಬೇಕು ಅಂತ ಹೇಳ್ತಿದ್ದೀರಿ. ನನಗೆ ಪೂರ್ತಿ ಒಪ್ಪಿಗೆ ಇಲ್ಲ.

ನಮ್ಮ ಜನಕ್ಕೆ ಸಮಯದ ಬೆಲೆ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಮ್ಮ ಕಡೆ ಬೆಂಡೆಯ ಹೈಬ್ರಿಡ್ ಬೀಜದ ಹೊಲಕ್ಕೆ ಕರೆದುಕೊಂಡು ಬನ್ನಿ. ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು ಕಾಗದದ ಚೀಲ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಹೂವು ಅರಳಿದಾಗ ಪರಾಗ ಮುಟ್ಟಿಸಬೇಕು. ಬಿಸಿಲು ಏರಿದರೆ ಆ ಹೂವಿನ ಕೆಲಸ ಮುಗೀತು, ಮಧ್ಯಾಹ್ನಕ್ಕೆ ಬಾಡಿಬಿಡುತ್ತೆ. ಆ ಹೆಣ್ಣುಮಕ್ಕಳು ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಸಾಲೆಗೆ ತಯಾರು ಮಾಡಿ, ಹೊತ್ತಿಗೆ ಸರಿಯಾಗಿ ಹೊಲದಲ್ಲಿರುತ್ತಾರೆ. ಸೀಜನ್ ಪೂರ್ತಿ ಹೀಗೇ. ಯಾವ ದೇಶದ ಇಂಜಿನಿಯರ್‌ಗಿಂತ ಅವರು ಕಡಿಮೆ?

ಮದುವೆ ಕಾರ್ಡ್ ತಂದವರಿಗೆ ಚಹಾ ಕೊಡೋದೂ ಕೆಲಸವೇ. ನಾಳೆ ಕಾಸ್ಟಿಂಗ್ (ಎರಕದ ಮಾಲು) ಕೊಡುವವನು, ಸಾಲ ಕೇಳಿದರೆ ಇಲ್ಲ ಅನ್ನದವನು ಅವರಲ್ಲೇ ಒಬ್ಬ ಇರ್ತಾನೆ. ನಿಮ್ಮ ಮಾಲೀಕರಿಗೆ ಅದನ್ನು ಬಿಡಿ ಅಂದರೆ ಅವರು ಬಿಡಲ್ಲ, ಬಿಡಲೂಬಾರದು.

ಸಪ್ತಾಪುರ, ಧಾರವಾಡ

ಬಿಡಿ ಅಂತ ನಾನೂ ಹೇಳಿಲ್ಲ. ಆದರೆ ಚಹಾಕ್ಕೆ ಬಂದವರು ಹೇಳದೆ ಬಂದವರು, ಕಾಲ್‌ನಲ್ಲಿ ಕೂತವರು ಹೇಳಿಸಿಕೊಂಡು ಬಂದವರು. ಇಬ್ಬರನ್ನೂ ಒಬ್ಬರೇ ನೋಡಿಕೊಳ್ಳೋಕೆ ಹೋದಾಗ ತೊಂದರೆ ಆಗ್ತಿದೆ, ಅಲ್ವಾ?

ಗೋಕುಲ ರೋಡ್, ಹುಬ್ಬಳ್ಳಿ

ನಿಜ ಹೇಳ್ಬೇಕಂದ್ರೆ ನನಗೆ ಇದೇ ಬೇಕಿತ್ತು. ಮಾಲೀಕರ ಹತ್ತಿರ ಇವತ್ತು ಕೂತು ಮಾತಾಡಿದೆ. ಇನ್ನು ಮೇಲೆ ಜರ್ಮನಿ ಕಾಲ್ ನಾನು ಮತ್ತು ನಮ್ಮ ಕ್ವಾಲಿಟಿ ಇಂಜಿನಿಯರ್ ಎರಡೂವರೆಗೆ ಶುರು ಮಾಡ್ತೀವಿ, ಡ್ರಾಯಿಂಗ್, ಟೆಸ್ಟ್ ರಿಪೋರ್ಟ್ ಎಲ್ಲ ಮುಗಿಸ್ತೀವಿ. ಮಾಲೀಕರು ಮೂರಕ್ಕೆ ರೇಟ್ ಮತ್ತು ತಾರೀಖಿನ ಮಾತಿಗೆ ಮಾತ್ರ ಬರ್ತಾರೆ, ಅದನ್ನು ಇನ್ವೈಟ್‌ನಲ್ಲೇ ಬರೆದು ಕಳಿಸ್ತೀವಿ. ಬಂದವರಿಗೆ ಚಹಾ ಅರ್ಧ ತಾಸಿನಲ್ಲಿ ಆರಾಮಾಗಿ ಆಗುತ್ತೆ.

ಬ್ಯಾಡಗಿಯವರೇ, ದುಬೈಯವರು ಮುಂದಿನ ಆರ್ಡರ್‌ಗೆ ಎಲ್‌ಸಿ ಕೊಡ್ತೀವಿ ಅಂದಿದ್ದಾರೆ. ಡ್ರಾಫ್ಟ್ ಬಂದಾಗ ನಮ್ಮ ಬ್ಯಾಂಕಿನವರಿಗೆ ತೋರಿಸೋ ಮೊದಲು ಏನೇನು ನೋಡಬೇಕು?

ಬ್ಯಾಡಗಿ ಮೆಣಸಿನಕಾಯಿ

ಕೊನೆಯ ಶಿಪ್‌ಮೆಂಟ್ ತಾರೀಖು, ಎಲ್‌ಸಿ ಮುಗಿಯುವ ತಾರೀಖು, ಅದು ಯಾವ ಊರಲ್ಲಿ ಮುಗಿಯುತ್ತೆ ಅನ್ನೋದು, ಅಂದರೆ ಆ ತಾರೀಖಿನೊಳಗೆ ಕಾಗದ ಯಾವ ಊರಿನ ಬ್ಯಾಂಕ್ ಮುಟ್ಟಬೇಕು ಅಂತ. ದುಬೈ ಅಂತ ಇದ್ದರೆ ಭಾರತ ಅಂತ ಬದಲಾಯಿಸಲು ಹೇಳಿ, ಇಲ್ಲದಿದ್ದರೆ ಕೊರಿಯರ್ ದಾರಿಯಲ್ಲಿ ಕಳೆಯೋ ದಿನವೂ ನಿಮ್ಮ ಲೆಕ್ಕಕ್ಕೇ. ಪಾರ್ಟ್ ಶಿಪ್‌ಮೆಂಟ್‌ಗೆ, ಅಂದರೆ ಮಾಲು ಕಂತಿನಲ್ಲಿ ಕಳಿಸೋಕೆ, ಒಪ್ಪಿಗೆ ಇದೆಯಾ ನೋಡಿ. ಬಂದ ದಿನವೇ ನೋಡಿ ತಿದ್ದುಪಡಿ ಕೇಳಿ, ಮಾಲು ತಯಾರಾದ ಮೇಲೆ ಕೇಳಬೇಡಿ.