7700ಎಕ್ಸ್ ಪ್ರೊಸೆಸರಿಗೆ ಯಾವ ಏರ್ ಕೂಲರ್? 95 ಡಿಗ್ರಿಗೆ ಹೆದರಬೇಕೇ?

ಪ್ರಶ್ನೆ:
ನಮಸ್ಕಾರ ಸರ್. ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜನ್ 7 7700ಎಕ್ಸ್ ಪ್ರೊಸೆಸರ್ ಇದೆ. ವಿಡಿಯೊ ಸಂಕಲನ, ತ್ರೀಡಿ ರೆಂಡರಿಂಗ್ ನನ್ನ ದಿನನಿತ್ಯದ ಕೆಲಸ. ಹಳೆಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡಿನಲ್ಲಿದ್ದ ಸಣ್ಣ ಕೂಲರನ್ನೇ ಇದಕ್ಕೂ ಹಾಕಿಕೊಂಡಿದ್ದೇನೆ. ರೆಂಡರ್ ಶುರುವಾದ ಅರ್ಧ ನಿಮಿಷಕ್ಕೆ ತಾಪಮಾನ 95 ಡಿಗ್ರಿ ಮುಟ್ಟುತ್ತದೆ, ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಪ್ರೊಸೆಸರ್ 105 ವಾಟ್‌ನದು, ಕೂಲರ್ ಡಬ್ಬಿಯ ಮೇಲೆ 150 ವಾಟ್ ಎಂದು ಬರೆದಿದೆ. ಹಾಗಿದ್ದೂ ಹೀಗೇಕೆ? ಕ್ಯಾಬಿನೆಟ್‌ನಲ್ಲಿ ಕೂಲರ್ ಎತ್ತರ 160 ಮಿ.ಮೀ. ದಾಟುವಂತಿಲ್ಲ, ರ್‍ಯಾಮ್ ಎತ್ತರದ ತಗಡು ಇರುವಂಥದ್ದು. ನೀರಿನ ಕೂಲರ್ ಬೇಡ. ಎರಡು ಗೋಪುರದ (ಶಾಖ ಹೊರಹಾಕುವ ತಗಡುಗಳ ಎರಡು ಕಟ್ಟುಗಳಿರುವ) ದೊಡ್ಡ ಏರ್ ಕೂಲರನ್ನೇ ಕೊಂಡುಬಿಡಲೇ?

ಉತ್ತರ:
ನಮಸ್ಕಾರ. ಇನ್ನೂ ಏನನ್ನೂ ಕೊಳ್ಳಬೇಡಿ. ನೀವು ಕೇಳಿದ ಮೊದಲ ಸಂಗತಿಯಿಂದ ಹೊರಡೋಣ, ಏಕೆಂದರೆ ಅಲ್ಲೇ ಹೆಚ್ಚಿನವರು ಎಡವುತ್ತಾರೆ.

105 ವಾಟ್ ಎಂಬುದು ಆ ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ತಿನ ಮೇಲ್ಮಿತಿಯಲ್ಲ. ಎಎಂಡಿ ತನ್ನ ಡೆಸ್ಕ್‌ಟಾಪ್ ರೈಜನ್‌ಗಳಿಗೆ ಸಾಮಾನ್ಯವಾಗಿ ಆ ಅಂಕಿಯ 1.35 ಪಟ್ಟು ಬಳಸಲು ಅವಕಾಶ ಕೊಟ್ಟಿರುತ್ತದೆ. ಹಾಗಾಗಿ ನಿಮ್ಮದರ ನಿಜವಾದ ಮಿತಿ 142 ವಾಟ್. 170 ವಾಟ್ ಎಂದು ಬರೆದ 7950ಎಕ್ಸ್ 230 ವಾಟ್‌ವರೆಗೆ ಹೋಗುತ್ತದೆ. ಇಂಟೆಲ್‌ನಲ್ಲೂ ಇದೇ ಕಥೆ: 13700ಕೆ ಮೇಲಿನ 125 ವಾಟ್ ಬರೀ ಮೂಲ ಅಂಕಿ, ವೇಗ ಏರಿಸಿಕೊಂಡಾಗಿನ ಟರ್ಬೊ ಮಿತಿ 253 ವಾಟ್. ಇನ್ನು ಕೂಲರ್ ಡಬ್ಬಿಯ ಮೇಲಿನ ವಾಟ್‌ಗೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಪ್ರತಿ ತಯಾರಕರೂ ತಮ್ಮದೇ ರೀತಿಯಲ್ಲಿ ಅಳೆದು ಅಚ್ಚು ಹಾಕುತ್ತಾರೆ. ಎರಡು ಡಬ್ಬಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

95 ಡಿಗ್ರಿಗೆ ಹೆದರಬೇಡಿ. 7700ಎಕ್ಸ್ ಅನ್ನು ರೂಪಿಸಿರುವುದೇ ಹಾಗೆ. ತಾಪಮಾನ ಏರಲು ಅವಕಾಶ ಇರುವಷ್ಟೂ ವೇಗ ಹೆಚ್ಚಿಸಿಕೊಳ್ಳುತ್ತದೆ, 95 ತಲುಪಿದಾಗ ತಾನಾಗಿಯೇ ವೇಗ ಇಳಿಸಿ ಅಲ್ಲಿ ನಿಲ್ಲುತ್ತದೆ. ಅದರ ಎಂಟೂ ಕೋರ್‌ಗಳು ಸುಮಾರು 70 ಚದರ ಮಿಲಿಮೀಟರಿನ ಒಂದೇ ಸಿಲಿಕಾನ್ ತುಂಡಿನಲ್ಲಿವೆ. ಬೆರಳ ಉಗುರಿನಷ್ಟೂ ಇಲ್ಲದ ಆ ಜಾಗದಿಂದ ಶಾಖವೆಲ್ಲ ಮೇಲಿನ ಲೋಹದ ಮುಚ್ಚಳವನ್ನು ದಾಟಿ ಬರಬೇಕು. ಹಳೆಯ ಎಎಂ4 ಕೂಲರ್‌ಗಳು ಹೊಂದಲೆಂದು ನಿಮ್ಮ ಪ್ರೊಸೆಸರ್ ಕೂರುವ ಹೊಸ ಸಾಕೆಟ್ ಎಎಂ5ರಲ್ಲಿ ಆ ಮುಚ್ಚಳವನ್ನು ದಪ್ಪವಾಗಿಯೇ ಇಟ್ಟಿದ್ದಾರೆ. ಇಕ್ಕಟ್ಟು ಇರುವುದು ಅಲ್ಲಿ. ಕೂಲರಿನ ಗಾತ್ರ ಇಮ್ಮಡಿಯಾದರೂ ಆ ಇಕ್ಕಟ್ಟು ಅಗಲವಾಗುವುದಿಲ್ಲ. ಆದ್ದರಿಂದ ಒಳ್ಳೆಯ ಕೂಲರ್ ಹಾಕಿದ ಮೇಲೂ ಡಿಗ್ರಿ ಅಷ್ಟಾಗಿ ಇಳಿಯದಿರಬಹುದು. ಲಾಭ ಕಾಣುವುದು ಬೇರೆ ಎರಡು ಕಡೆ: ಅದೇ ತಾಪಮಾನದಲ್ಲಿ ಗಿಗಾಹರ್ಟ್ಸ್ ಏರುತ್ತದೆ, ಫ್ಯಾನ್ ನಿಧಾನವಾಗಿ ತಿರುಗುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಕ್ಯಾಬಿನೆಟ್ ಮುಚ್ಚಿಟ್ಟು ಹದಿನೈದು ನಿಮಿಷ ರೆಂಡರ್ ಓಡಿಸಿ, ಪ್ರೊಸೆಸರ್ ಬಳಸುವ ವಾಟ್ ಮತ್ತು ಗಿಗಾಹರ್ಟ್ಸ್ ಬರೆದಿಟ್ಟುಕೊಳ್ಳಿ. ಬಳಿಕ ಪಕ್ಕದ ಬಾಗಿಲು ತೆಗೆದು ಅದೇ ಕೆಲಸವನ್ನು ಅಷ್ಟೇ ಹೊತ್ತು ಓಡಿಸಿ. ಅಂಕಿಗಳು ಎದ್ದು ಕಾಣುವಷ್ಟು ಏರಿದರೆ ತಪ್ಪು ಕೂಲರಿನದಲ್ಲ, ಗಾಳಿಯದು. ಗ್ರಾಫಿಕ್ಸ್ ಕಾರ್ಡ್ ಉಗುಳಿದ ಬಿಸಿ ಗಾಳಿಯನ್ನೇ ಕೂಲರ್ ಮತ್ತೆ ನುಂಗುತ್ತಿದ್ದರೆ ಯಾವ ಕೂಲರ್ ತಂದರೂ ಅದೇ ಪಾಡು. ಫಲಿತಾಂಶ ಇಲ್ಲಿ ಬರೆಯಿರಿ, ಆಮೇಲೆ ಆಯ್ಕೆಯ ಮಾತು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಸರ್, ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನ ಬಳಿ ಇಂಟೆಲ್‌ನ ಹಳೆಯ ಸಾಕೆಟ್ ಎಲ್‌ಜಿಎ1200 ಬೋರ್ಡಿನ ಒಳ್ಳೆಯ ಕೂಲರ್ ಇದೆ. ಹೊಸದಾಗಿ ಎಲ್‌ಜಿಎ1700 ಬೋರ್ಡ್, ಐ5-12400 ತಂದಿದ್ದೇನೆ. ಸ್ಕ್ರೂ ರಂಧ್ರಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸ. ಸ್ವಲ್ಪ ಬಲ ಹಾಕಿ ಕೂರಿಸಬಹುದೇ?

ಉತ್ತರ:
ದಯವಿಟ್ಟು ಬೇಡ. ಹಿಂದಿನ ಸಾಕೆಟ್‌ನಲ್ಲಿ ರಂಧ್ರಗಳ ನಡುವೆ 75 ಮಿ.ಮೀ. ಇತ್ತು, 2021ರಲ್ಲಿ ಬಂದ ಎಲ್‌ಜಿಎ1700ರಲ್ಲಿ ಅದು 78. ಪ್ರೊಸೆಸರಿನ ಎತ್ತರವೂ ತುಸು ತಗ್ಗಿದೆ. ಹೇಗೋ ಸ್ಕ್ರೂ ಹಿಡಿಸಿದರೂ ಕೂಲರಿನ ತಳ ಸಮನಾಗಿ ಒತ್ತುವುದಿಲ್ಲ. ತಯಾರಕರು ಎಲ್‌ಜಿಎ1700ಕ್ಕೆ ಜೋಡಣೆಯ ಕಿಟ್ ಮಾಡಿದ್ದಾರೆಯೇ ನೋಡಿ, ಇದ್ದರೆ ಅದನ್ನು ತರಿಸಿ ನಿಶ್ಚಿಂತೆಯಿಂದ ಹಾಕಿ. 12400ರ ಮಿತಿ 117 ವಾಟ್, ಅದಕ್ಕೆ ಸಾಧಾರಣ ಒಂದು ಗೋಪುರದ ಕೂಲರ್ ಧಾರಾಳವಾಯಿತು. ಅಲ್ಲಿಯವರೆಗೆ ಡಬ್ಬಿಯಲ್ಲಿ ಬಂದ ಕೂಲರೇ ಇರಲಿ.

ಮೊದಲ ಪ್ರಶ್ನೆ ಕೇಳಿದವರು:
ಪರೀಕ್ಷೆ ಮಾಡಿದೆ ಸರ್. ಎರಡು ಸಲವೂ 95 ಡಿಗ್ರಿಯೇ. ಆದರೆ ಬಾಗಿಲು ಮುಚ್ಚಿದಾಗ 117 ವಾಟ್, 4.8 ಗಿಗಾಹರ್ಟ್ಸ್, ತೆಗೆದಾಗ 129 ವಾಟ್, 4.95 ಗಿಗಾಹರ್ಟ್ಸ್. ಕ್ಯಾಬಿನೆಟ್ ಮುಂಭಾಗ ಪೂರ್ತಿ ಗಾಜು, ಫ್ಯಾನ್ ಇರುವುದು ಹಿಂದೆ ಒಂದೇ. ಮುಂದಿನ ಜಾಲರಿ ತೆಗೆದು ನೋಡಿದರೆ ದೂಳು ಕಂಬಳಿಯಂತೆ ಕೂತಿತ್ತು.

ಉತ್ತರ:
ತಾಪಮಾನವೊಂದನ್ನೇ ನೋಡಿದ್ದರೆ ಈ ಪರೀಕ್ಷೆಯಲ್ಲಿ ನಿಮಗೆ ಏನೂ ಸಿಗುತ್ತಿರಲಿಲ್ಲ! ಈಗ ಚಿತ್ರ ಸ್ಪಷ್ಟವಾಯಿತು. ಗಾಳಿ ಸಿಕ್ಕ ಕೂಡಲೇ 12 ವಾಟ್ ಹೆಚ್ಚಿತು, ಆದರೆ 142 ಮುಟ್ಟಲಿಲ್ಲ. ಅಂದರೆ ಕ್ಯಾಬಿನೆಟ್ಟೂ ಸೋಲುತ್ತಿದೆ, ಕೂಲರೂ ಸೋಲುತ್ತಿದೆ. ಮೊದಲು ಗಾಳಿ ಸರಿಮಾಡಿ: ಜಾಲರಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಮುಂದೆ ಎರಡು ಫ್ಯಾನ್ ಒಳಮುಖವಾಗಿ ಕೂರಿಸಿ. ಗಾಜಿನ ಅಂಚಿನ ಸೀಳುಗಳಿಂದ ಬರುವ ಗಾಳಿ ಕಡಿಮೆಯೇ, ಆದರೂ ಇಲ್ಲದ್ದಕ್ಕಿಂತ ವಾಸಿ.

ಇನ್ನು ಕೂಲರ್. ನಾಕ್ಟುವಾದ ಎನ್‌ಎಚ್-ಡಿ15 ಹೆಸರಾಂತದ್ದು, ಆದರೆ ಅದರ ಎತ್ತರ 165 ಮಿ.ಮೀ. ನಿಮ್ಮ ಬಾಗಿಲು ಮುಚ್ಚುವುದಿಲ್ಲ, ಅಲ್ಲಿಗೆ ಆ ಮಾತು ಮುಗಿಯಿತು. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಎರಡು ಗೋಪುರದ್ದಾದರೂ 155 ಮಿ.ಮೀ., ಆರು ಹೀಟ್ ಪೈಪ್ (ಶಾಖ ಸಾಗಿಸುವ ಕೊಳವೆ), ಎರಡು ಫ್ಯಾನ್. ಶಕ್ತಿಯಲ್ಲಿ ನಿಮಗೆ ಸಾಕಾಗಿ ಉಳಿಯುತ್ತದೆ. ತೊಡಕಿರುವುದು ರ್‍ಯಾಮ್‌ನಲ್ಲಿ. ಇಂಥ ಕೂಲರ್‌ಗಳಲ್ಲಿ ಮುಂದಿನ ಫ್ಯಾನ್ ರ್‍ಯಾಮ್‌ನ ತಲೆಯ ಮೇಲೆ ಬರುತ್ತದೆ. ರ್‍ಯಾಮ್ ಎತ್ತರವಾಗಿದ್ದರೆ ಫ್ಯಾನನ್ನು ಮೇಲಕ್ಕೆ ಸರಿಸಬೇಕು, ಅದು ಗೋಪುರಕ್ಕಿಂತ ಮೇಲೆ ಚಾಚಿದಷ್ಟೂ ಒಟ್ಟು ಎತ್ತರ ಬೆಳೆಯುತ್ತದೆ. ನಿಮಗಿರುವ ಅವಕಾಶ ಬರೀ 5 ಮಿ.ಮೀ. ರ್‍ಯಾಮ್‌ನ ಎತ್ತರವನ್ನು ಸ್ಕೇಲ್ ಹಿಡಿದು ಅಳೆದು, ಕೂಲರಿನ ವಿವರಪಟ್ಟಿಯಲ್ಲಿ ಕೊಟ್ಟ ಅಂತರದೊಂದಿಗೆ ತಾಳೆ ನೋಡದೆ ಇದನ್ನು ತರಿಸಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ಗೋಪುರದ ಒಳ್ಳೆಯ ಕೂಲರನ್ನೇ ಆರಿಸುತ್ತಿದ್ದೆ. ನಾಕ್ಟುವಾ ಎನ್‌ಎಚ್-ಯು12ಎಸ್ 158 ಮಿ.ಮೀ., ಐದು ಹೀಟ್ ಪೈಪ್, ಫ್ಯಾನ್ ರ್‍ಯಾಮ್ ಮೇಲೆ ಚಾಚುವುದಿಲ್ಲ. ನಾಳೆ ರ್‍ಯಾಮ್ ಬದಲಿಸಬೇಕಾದರೆ ಕೂಲರ್ ಬಿಚ್ಚಬೇಕಾಗಿಲ್ಲ. ಮೊದಲು ಹೇಳಿದ ಆ ಇಕ್ಕಟ್ಟಿನ ಕಾರಣದಿಂದ, ನಿಮ್ಮ ಪ್ರೊಸೆಸರಿನಲ್ಲಿ ಇದಕ್ಕೂ ಎರಡು ಗೋಪುರದ್ದಕ್ಕೂ ಅಂತರ ನೀವು ನೆನೆಸಿದಷ್ಟು ಇರುವುದಿಲ್ಲ.

ಸದ್ದು ನಿಮ್ಮನ್ನು ಕಾಡುತ್ತಿದೆ ಎಂದಿರಿ. ಅದಕ್ಕೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್ ಪರದೆ) ವಿದ್ಯುತ್ ಮಿತಿ ಇಳಿಸುವ ಇಕೊ ಮೋಡ್ ಇದೆ. 65 ವಾಟ್‌ನ ಆಯ್ಕೆ ಒತ್ತಿದರೆ ನಿಜವಾದ ಮಿತಿ 88 ವಾಟ್‌ಗೆ ಇಳಿಯುತ್ತದೆ, ರೆಂಡರ್ ವೇಗದಲ್ಲಿ ಕಳೆದುಕೊಳ್ಳುವುದು ಮಾತ್ರ ವಿದ್ಯುತ್ತಿನ ಪ್ರಮಾಣಕ್ಕಿಂತ ಬಹಳ ಕಡಿಮೆ. ಹೊಸ ಕೂಲರ್ ಬರುವವರೆಗೆ ಹೀಗೆ ನಡೆಸಿ ನೋಡಿ. ಇಷ್ಟರಲ್ಲೇ ತೃಪ್ತಿಯಾದರೆ ಕೂಲರ್ ಕೊಳ್ಳುವುದನ್ನೇ ಬಿಡಿ, ನನಗೆ ಸಂತೋಷವೇ.

ಮೊದಲ ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಸರ್. ಇಂದೇ ಇಕೊ ಮೋಡ್ ಹಾಕುತ್ತೇನೆ, ಮುಂದಿನ ಫ್ಯಾನ್‌ಗಳನ್ನೂ ತರುತ್ತೇನೆ. ಯು12ಎಸ್ ಕೊಂಡರೆ ನಾನೇ ಜೋಡಿಸಬಹುದೇ? ಕೈ ನಡುಗುತ್ತದೆ.

ಉತ್ತರ:
ಖಂಡಿತ ಜೋಡಿಸಬಹುದು. ಹಳೆಯ ಕೂಲರ್ ತೆಗೆಯುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಕೂಲರಿಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಪೂರ್ತಿ ಆರಿಸಿ, ತಂತಿ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ ಎತ್ತಿ. ಎಎಂ5ರ ಹಿಂಬದಿಯ ತಟ್ಟೆಯನ್ನು ತೆಗೆಯಲು ಹೋಗಬೇಡಿ, ಕೂಲರ್ ಅದಕ್ಕೇ ಹಿಡಿಯುತ್ತದೆ. ಮುಚ್ಚಳದ ಹಳೆಯ ಪೇಸ್ಟ್ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಎರಡನ್ನೂ ಕೆಲವು ಸುತ್ತುಗಳಂತೆ ಸರದಿಯಲ್ಲಿ ಬಿಗಿಯಿರಿ. ಫ್ಯಾನಿನ ತಂತಿ ಸಿಪಿಯು ಫ್ಯಾನ್ ಎಂದು ಬರೆದ ನಾಲ್ಕು ಪಿನ್ ಜಾಗಕ್ಕೇ ಹೋಗಬೇಕು.

ಕೂಲರಿನ ತಳಕ್ಕೆ ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಅಥವಾ ಮುಚ್ಚಳ ಇದ್ದರೆ ಪೇಸ್ಟ್ ಹಾಕುವ ಮೊದಲೇ ತೆಗೆಯಿರಿ. ಹಾಳೆ ಅಂಟಿಕೊಂಡೇ ಇದ್ದ ಕಂಪ್ಯೂಟರ್‌ಗಳನ್ನು ನಾನು ದುರಸ್ತಿಗೆ ಬಿಚ್ಚಿದ್ದೇನೆ, ಅದೂ ಒಂದೆರಡಲ್ಲ. ಜೋಡಿಸಿದ ಮೇಲೆ ಅದೇ ಹದಿನೈದು ನಿಮಿಷದ ರೆಂಡರ್ ಮತ್ತೊಮ್ಮೆ ಓಡಿಸಿ, ವಾಟ್ ಎಷ್ಟಕ್ಕೆ ಬಂತು ಎಂದು ಇಲ್ಲಿಯೇ ಬರೆಯಿರಿ. ಕಾಯುತ್ತಿರುತ್ತೇನೆ.