ಅಪ್ಪನ ಎರಡು ಕೋವಿ: ವಿಮೆ ಮಾಡಿಸುವುದು ಹೇಗೆ, ಇಡುವುದು ಎಲ್ಲಿ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮದು ಹಳೆಯ ಮನೆ. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಹೆಸರಿನಲ್ಲಿ ಎರಡು ಕೋವಿ ಉಂಟು. ಒಂದು ಜೋಡಿ ನಳಿಗೆಯ ತೋಟೆ ಕೋವಿ, ಇನ್ನೊಂದು ಅಜ್ಜನ ಕಾಲದ ಕೇಪಿನ ಕೋವಿ, ನಳಿಗೆ ಬಾಯಿಂದ ಮದ್ದು ತುಂಬಿ, ಸಣ್ಣ ಕೇಪು ಸಿಡಿಸಿ ಹೊಡೆಯುವಂಥದ್ದು. ನಾನಿರುವುದು ಮಂಗಳೂರಿನಲ್ಲಿ, ಊರಲ್ಲಿ ಅಮ್ಮ ಒಬ್ಬರೇ. ಮನೆ ವಿಮೆಯಲ್ಲಿ ಕೋವಿಯೂ ಸೇರುತ್ತದಾ? ಕಳ್ಳರಿಂದ, ಮಳೆಗಾಲದ ತುಕ್ಕಿನಿಂದ ಕಾಪಾಡುವುದು ಹೇಗೆ? ಅನುಭವ ಇದ್ದವರು ಹೇಳಿ.

ಕಾರ್ಕಳದ ಅಡಿಕೆ ಕೃಷಿಕರು: ವಿಮೆ ಆಮೇಲೆ ಮಾರಾಯ್ರೆ. ಕೋವಿ ಈಗ ಎಲ್ಲುಂಟು? ಮನೆಯಲ್ಲೇ ಇದ್ದರೆ ಅದೇ ಮೊದಲ ತಾಪತ್ರಯ. ಲೈಸೆನ್ಸ್ ಅಪ್ಪನದ್ದು, ಅಮ್ಮನದ್ದಲ್ಲ. ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಒಪ್ಪಿಸಬೇಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ಠಾಣೆಗೆ ಮೊದಲೇ ಫೋನ್ ಮಾಡಿ, ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಹೋಗಿ. ತೋಟೆಗಳನ್ನೂ ಎಣಿಸಿ ಕೊಡಿ. ರಶೀದಿಯಲ್ಲಿ ಕೋವಿಯ ನಂಬರ್ ಬರೆದಿದ್ದಾರಾ ನೋಡಿ.

ನಮ್ಮಪ್ಪ ಹೋದಾಗ ನಾನೂ ಆರು ತಿಂಗಳು ಸುಮ್ನೆ ಕೂತಿದ್ದೆ. ಕೊನೆಗೆ ಠಾಣೆಯಲ್ಲಿ ಬೈಸಿಕೊಂಡೆ. ಮರಣ ಪತ್ರ, ವಾರಸುದಾರರ ದಾಖಲೆ, ಅಣ್ಣ ತಂಗಿಯರ ಒಪ್ಪಿಗೆ ಪತ್ರ ಸೇರಿಸಿ ನನ್ನ ಹೆಸರಿಗೆ ಅರ್ಜಿ ಹಾಕಿದೆ. ಅರ್ಜಿ ಹಾಕುವವರ ವಾಸ ನಿಮ್ಮ ಊರಲ್ಲಾದರೆ ಹೋಗಬೇಕಾದ್ದು ಮಣಿಪಾಲದ ರಜತಾದ್ರಿಗೆ, ಡಿಸಿ ಆಫೀಸಿಗೆ. ನಿಮ್ಮ ಹಾಗೆ ಮಂಗಳೂರು ನಗರದಲ್ಲಿ ಇರುವವರಿಗಾದರೆ ಪೊಲೀಸ್ ಕಮಿಷನರ್. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಎರಡೇ ಕೋವಿ. ಮನೆತನದಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಹೆಸರಲ್ಲಿ ಈಗಾಗಲೇ ಒಂದಿದ್ದರೆ ಈಗಲೇ ಯೋಚಿಸಿ. ನನ್ನ ದೊಡ್ಡಪ್ಪನ ಹತ್ತಿರ ಮೂರಿದ್ದವು. ಯಾವುದನ್ನು ಬಿಡುವುದು ಅಂತ ಮನೆಯಲ್ಲಿ ಆಸ್ತಿ ಪಾಲಿಗಿಂತ ದೊಡ್ಡ ಜಗಳ!

ಇನ್ನೊಂದು ಮಾತು. ಕೊಡುವ ಮುಂಚೆ ನಳಿಗೆ ಒಳಗೆ ಹೊರಗೆ ಚೆನ್ನಾಗಿ ಎಣ್ಣೆ ಹಚ್ಚಿ, ನಾಲ್ಕು ಬದಿಯಿಂದ ಫೋಟೋ ತೆಗೆದಿಡಿ. ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಟ್ಟವರಿಗೆ ಗೊತ್ತು, ವಾಪಸ್ ಬರುವಾಗ ಅದರ ಬಣ್ಣವೇ ಬೇರೆ. ನಾವು ಠೇವಣಿ ಇಟ್ಟ ತಿಂಗಳಲ್ಲೇ ಹಂದಿಗಳಿಗೂ ಮಂಗಗಳಿಗೂ ಅದು ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ.

ಉಡುಪಿಯ ಹೊಳೆಬದಿಯ ಮನೆಯವರು: ವಿಮೆಯ ಬಗ್ಗೆ ನನ್ನ ಕಥೆ. 2020ರ ಸೆಪ್ಟೆಂಬರ್ ನೆರೆಯಲ್ಲಿ ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು. ಕೋವಿ ಕೆಳಗಿನ ಕಪಾಟಿನಲ್ಲಿತ್ತು. ಮರದ ಹಿಡಿ ಉಬ್ಬಿ ಬಿರುಕು ಬಿಟ್ಟಿತು. ಪಾಲಿಸಿ ಇತ್ತು, ಸರ್ವೇಯರ್ ಬಂದರು. ಫ್ರಿಜ್ಜಿಗೆ, ಸೋಫಾಕ್ಕೆ ದುಡ್ಡು ಬಂತು, ಕೋವಿಗೆ ಬರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಏಜೆಂಟರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆಮೇಲೆ ಕಲಿತದ್ದು ಇಷ್ಟು. ಈಗ ಎಲ್ಲ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾ ಪಾಲಿಸಿ 2021ರ ಏಪ್ರಿಲ್‌ನಲ್ಲಿ ಬಂದದ್ದು. ಬೆಂಕಿ, ನೆರೆ, ಸಿಡಿಲು, ಗುಡ್ಡ ಕುಸಿತ ಇದೆಲ್ಲ ಅದರಲ್ಲುಂಟು. ಆದರೆ ಕಳ್ಳತನಕ್ಕೆ ಅದನ್ನು ನಂಬಬೇಡಿ. ನೆರೆಯೋ ಬೆಂಕಿಯೋ ಆದ ಏಳು ದಿನದೊಳಗೆ, ಅದರಿಂದಾಗಿ ಕಳವಾದರೆ ಮಾತ್ರ ಕೊಡುತ್ತಾರೆ. ಬರೀ ಕಳ್ಳತನಕ್ಕೆ ಬೇರೆಯೇ ಪಾಲಿಸಿ ಬೇಕು. ಅದರಲ್ಲೂ ಸಾಮಾನ್ಯವಾಗಿ ಬೀಗ ಒಡೆದ, ಬಾಗಿಲು ಮುರಿದ ಗುರುತು ಕೇಳುತ್ತಾರೆ. ತೆರೆದ ಬಾಗಿಲಲ್ಲಿ ಯಾರೋ ಬಂದು ಎತ್ತಿಕೊಂಡು ಹೋದರು ಅಂದರೆ ಕೈ ಅಲ್ಲಾಡಿಸುತ್ತಾರೆ. ಮನೆ ತುಂಬಾ ದಿನ ಖಾಲಿ ಇದ್ದರೂ ತಕರಾರು. ನಿಮ್ಮ ಅಮ್ಮ ಮಳೆಗಾಲದಲ್ಲಿ ಮಂಗಳೂರಿಗೆ ಬಂದು ಇರುವುದಾದರೆ ಈ ಷರತ್ತನ್ನು ಎರಡು ಸಲ ಓದಿ.

ಸ್ಫೋಟಕ ವಸ್ತು ಗೃಹ ರಕ್ಷಾದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮದ್ದು, ಕೇಪಿಗೆ ಪರಿಹಾರದ ಆಸೆ ಬೇಡ. ಕೋವಿಯನ್ನು ಮಾತ್ರ ಕಂಪನಿ, ಮಾದರಿ, ನಂಬರ್ ಸಮೇತ ಬೇರೆ ಸಾಲಿನಲ್ಲಿ ಬರೆಸಿ. ಬೆಲೆಗೆ ಕೋವಿ ಅಂಗಡಿಯವರಿಂದ ಪತ್ರ ತನ್ನಿ. ಕೇಪಿನ ಕೋವಿಗೆ ಬರುವ ಬೆಲೆ ನೋಡಿ ಬೇಜಾರಾಗಬೇಡಿ, ಅಜ್ಜನ ನೆನಪಿಗೆ ಕಂಪನಿಯವರು ದುಡ್ಡು ಕೊಡುವುದಿಲ್ಲ. ಮತ್ತೆ, ಲೈಸೆನ್ಸ್ ನಿಮ್ಮ ಹೆಸರಿಗೆ ಆಗುವವರೆಗೆ ಪ್ರೀಮಿಯಂ ಕಟ್ಟಿದರೆ ಅದು ಹೊಳೆಗೆ ಹಾಕಿದ ಹುಣಸೆಹಣ್ಣೇ.

ಬಜ್ಪೆಯ ಮೇಸ್ತ್ರಿ: ಕಬ್ಬಿಣದ ಕಪಾಟು ತಂದು ಗೋಡೆಗೆ ಬೋಲ್ಟ್ ಹಾಕಿಸುವವರಿದ್ದರೆ ಒಂದು ನಿಮಿಷ. ನಮ್ಮ ಕಡೆಯ ಹಳೆ ಮನೆ ಎಲ್ಲ ಕೆಂಪು ಕಲ್ಲು. ಅದರಲ್ಲಿ ತೂತು ಜಾಸ್ತಿ. ಮಾಮೂಲಿ ಬೋಲ್ಟ್ ಹಿಡಿಯುವುದಿಲ್ಲ, ಸಬ್ಬಲ್ ಹಾಕಿ ಎಳೆದರೆ ಕಲ್ಲಿನ ಪುಡಿ ಸಮೇತ ಬರುತ್ತದೆ. ಕೆಳಗೆ ಕಾಂಕ್ರೀಟ್ ಇದ್ದರೆ ನೆಲಕ್ಕೇ ಹಾಕಿಸಿ. ಹೊಳೆ ಬದಿಯಲ್ಲಾದರೆ ಸ್ಲ್ಯಾಬ್ ಇರುವ ಮೇಲಿನ ಮಹಡಿಗೆ.

ಮಂಗಳೂರಿನ ನಿವೃತ್ತ ಸೈನಿಕರು: ತುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ಚರ್ಮದ ಚೀಲದಲ್ಲಿ ಇಡಲೇಬೇಡಿ. ಅದು ತೇವ ಹೀರಿ ನಳಿಗೆಗೆ ಅಂಟಿಸುತ್ತದೆ. ತೆಂಗಿನೆಣ್ಣೆಯೂ ಬೇಡ, ಅಂಟಾಗಿ ಗಟ್ಟಿಯಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಒರೆಸಬೇಕು. ಕಪಾಟಿನೊಳಗೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಕೇಪಿನ ಕೋವಿ ಹೊಡೆದ ದಿನವೇ ಬಿಸಿ ನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ನೀರೆಳೆದುಕೊಂಡು ಒಂದೇ ವಾರದಲ್ಲಿ ಕಬ್ಬಿಣ ತಿನ್ನುತ್ತದೆ. ಇಡುವ ಮುಂಚೆ ಒಳಗೆ ಮದ್ದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತೋಟೆ ಬೇರೆ ಬೀಗದಲ್ಲಿ. ಚಾವಡಿ ಗೋಡೆಯ ಮೊಳೆಗೆ ನೇತುಹಾಕಿ ನೆಂಟರಿಗೆ ತೋರಿಸುವ ಕಾಲ ಹೋಯಿತು.

ಕೇಳಿದವರು: ಎಲ್ಲರಿಗೂ ಉಪಕಾರ. ಅಮ್ಮನಿಗೆ ಫೋನ್ ಮಾಡಿದೆ. ಕೇಪಿನ ಕೋವಿ ಅಟ್ಟದಲ್ಲಿ ಅಕ್ಕಿ ಮುಡಿಯ ಹಿಂದೆ ಉಂಟಂತೆ, ಚರ್ಮದ ಚೀಲದಲ್ಲೇ! ತೋಟೆಗಳು ದೇವರ ಕೋಣೆಯ ಪೆಟ್ಟಿಗೆಯಲ್ಲಿ. ಯಾವುದನ್ನೂ ಮುಟ್ಟಬೇಡಿ ಅಂದಿದ್ದೇನೆ. ಠಾಣೆಗೆ ಫೋನ್ ಮಾಡಿ ನಾಳೆ ಹೋಗುತ್ತಿದ್ದೇನೆ. ತಂಗಿ ಮಸ್ಕತ್‌ನಲ್ಲಿದ್ದಾಳೆ. ಅವಳ ಒಪ್ಪಿಗೆ ಪತ್ರ ಅಲ್ಲಿಂದಲೇ ಬಂದರೆ ನಡೆಯುತ್ತದಾ?

ಕಾರ್ಕಳದ ಅಡಿಕೆ ಕೃಷಿಕರು: ನಮ್ಮಣ್ಣನದ್ದು ದುಬೈಯಿಂದ ಬಂದದ್ದು. ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಮೊಹರು ಹಾಕಿಸಿ ಕಳಿಸಿದ್ದ, ತಗೊಂಡರು. ವಾಟ್ಸಾಪ್‌ನಲ್ಲಿ ಬಂದ ಫೋಟೋ ಹಿಡಿದುಕೊಂಡು ಹೋಗಬೇಡಿ, ನಾನು ಮೊದಲ ಸಲ ಹಾಗೆ ಹೋಗಿ ವಾಪಸ್ ಬಂದವನು.